ಟ್ರಿಕಿಗೆ ಸಂದ ಹೊಗಳಿಕೆ ಯಾರಿಗೆಲ್ಲ ಸಲ್ಲಬೇಕು?

1995ರ ಫೆಬ್ರವರಿ 20ರಂದು ಬ್ರಿಟನ್ನಿನ ಅಂಗಡಿಗಳಿಗೆ ‘ಮ್ಯಾಕ್ಸಿನ್‌ಕ್ವೇ’ ಎಂಬ ಆಲ್ಬಮ್ ಬಂತು. ಅದರ ಮೇಲಿದ್ದ ಹೆಸರು ಟ್ರಿಕಿ. ಊರು ಬ್ರಿಸ್ಟಲ್, ವಯಸ್ಸು 27, ಅದು ಅವನ ಮೊದಲ ಆಲ್ಬಮ್. ನೋಡನೋಡುತ್ತಿದ್ದಂತೆ ಅದು ಅಲ್ಲಿನ ಮಾರಾಟ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ‘ದಿ ವೈರ್’ ಪತ್ರಿಕೆಯಲ್ಲಿ ಇಯಾನ್ ಪೆನ್‌ಮನ್ ಅದರ ಬಗ್ಗೆ ಬರೆದ ದೀರ್ಘ ಪ್ರಬಂಧವನ್ನು ಸಂಗೀತ ವಿಮರ್ಶಕರು ಇಂದಿಗೂ ಓದುತ್ತಾರೆ. ಡೇವಿಡ್ ಬೋವಿಯಂಥ ಹಿರಿಯ ಗಾಯಕ ‘ಕ್ಯೂ’ ಪತ್ರಿಕೆಯಲ್ಲಿ ಈ ಹುಡುಗನ ಕುರಿತು ತಾನೇ ಬರೆದ. ಬ್ಲರ್, ಓಯಸಿಸ್, ಪಲ್ಪ್ ತಂಡಗಳು ಒಂದರ ಹಿಂದೊಂದು ಜನಪ್ರಿಯ ಆಲ್ಬಮ್‌ಗಳನ್ನು ತಂದ ವರ್ಷವದು. ಅವೆಲ್ಲವನ್ನೂ ಹಿಂದಿಕ್ಕಿ ‘ಎನ್‌ಎಂಇ’ ವಾರಪತ್ರಿಕೆ ‘ಮ್ಯಾಕ್ಸಿನ್‌ಕ್ವೇ’ಯನ್ನು ವರ್ಷದ ಶ್ರೇಷ್ಠ ಆಲ್ಬಮ್ ಎಂದು ಆರಿಸಿತು. ಅಮೆರಿಕದ ‘ವಿಲೇಜ್ ವಾಯ್ಸ್’ ಪತ್ರಿಕೆ ನಡೆಸುತ್ತಿದ್ದ ವಿಮರ್ಶಕರ ಮತದಾನದಲ್ಲಿ ಪಿ.ಜೆ. ಹಾರ್ವೆಯ ನಂತರದ ಸ್ಥಾನ ಇದಕ್ಕೇ ಸಿಕ್ಕಿತು.

ಚೊಚ್ಚಲ ಆಲ್ಬಮ್ಮಿಗೆ ಇಷ್ಟು ಹೊಗಳಿಕೆ ಬಂದರೆ ಅನುಮಾನವೂ ಹಿಂದೆಯೇ ಬರುತ್ತದೆ, ಬರಬೇಕು ಕೂಡ. ಟ್ರಿಕಿಯ ವಿಷಯದಲ್ಲಿ ಆ ಅನುಮಾನ ಮೂರು ದಶಕ ಕಳೆದರೂ ಕರಗಿಲ್ಲ. ಅವನು ಬೇರೆಯವರ ಹಾಡುಗಳ ತುಣುಕುಗಳನ್ನು ಕತ್ತರಿಸಿ ಅಂಟಿಸಿದವನು, ಸ್ವಂತವಾಗಿ ಏನನ್ನೂ ಕಟ್ಟಿದವನಲ್ಲ ಎನ್ನುವವರಿದ್ದಾರೆ. ಆಲ್ಬಮ್ಮನ್ನು ನಿಜವಾಗಿ ತಯಾರಿಸಿದ್ದು ಸ್ಟುಡಿಯೋದಲ್ಲಿದ್ದ ಇನ್ನೊಬ್ಬರು ಎನ್ನುವ ವಾದವಿದೆ. ಅಷ್ಟು ದೊಡ್ಡ ಪ್ರತಿಭೆಯಾಗಿದ್ದರೆ ಮುಂದಿನ ಆಲ್ಬಮ್‌ಗಳಲ್ಲಿ ಅದು ಎಲ್ಲಿ ಹೋಯಿತು ಎಂಬ ಪ್ರಶ್ನೆಯೂ ಇದೆ. ಇವು ಅಸೂಯೆಯಿಂದ ಹುಟ್ಟಿದ ಮಾತುಗಳಲ್ಲ. ಒಂದೊಂದರಲ್ಲೂ ಹುರುಳಿದೆ. ಆದ್ದರಿಂದ ಉತ್ತರವನ್ನು ಹಾಡುಗಳ ಒಳಗೇ ಹುಡುಕಬೇಕು.

ಹಾಡುಗಳಿಗೆ ಹೋಗುವ ಮೊದಲು ಊರನ್ನು ನೋಡಬೇಕು. ಬ್ರಿಸ್ಟಲ್ ಇಂಗ್ಲೆಂಡಿನ ಪಶ್ಚಿಮದ ಬಂದರು ನಗರ. ಆಫ್ರಿಕದ ಗುಲಾಮರ ವ್ಯಾಪಾರದಿಂದ ಬೆಳೆದ ಶ್ರೀಮಂತಿಕೆ ಅದರದು. ಆ ವ್ಯಾಪಾರಿಗಳಲ್ಲೊಬ್ಬನಾದ ಎಡ್ವರ್ಡ್ ಕೋಲ್‌ಸ್ಟನ್‌ನ ಪ್ರತಿಮೆಯನ್ನು 2020ರ ಜೂನ್‌ನಲ್ಲಿ ಜನ ಎಳೆದು ಬಂದರಿನ ನೀರಿಗೆ ತಳ್ಳಿದ ಚಿತ್ರಗಳು ಭಾರತದ ಪತ್ರಿಕೆಗಳಲ್ಲೂ ಬಂದಿದ್ದವು. ರಾಜಾ ರಾಮಮೋಹನ ರಾಯರು 1833ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಅವರ ಸಮಾಧಿ ಅಲ್ಲಿನ ಆರ್ನೋಸ್ ವೇಲ್ ಸ್ಮಶಾನದಲ್ಲಿದೆ. ಎರಡನೆಯ ಮಹಾಯುದ್ಧದ ನಂತರ ಜಮೈಕ ಮತ್ತಿತರ ಕೆರೀಬಿಯನ್ ದ್ವೀಪಗಳಿಂದ ಬಂದವರು ಇಲ್ಲಿನ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ನೆಲೆಸಿದರು. ನಗರದ ಬಸ್ ಕಂಪನಿ ಬಿಳಿಯರಲ್ಲದವರನ್ನು ಚಾಲಕ, ಕಂಡಕ್ಟರ್ ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. 1963ರಲ್ಲಿ ಜನ ಬಸ್ಸುಗಳನ್ನು ಬಹಿಷ್ಕರಿಸಿ ಆ ನಿಯಮವನ್ನು ಮುರಿದರು. ಹಾಗೆ ಮುರಿದ ಮೇಲೆ ಬಂದ ಮೊದಲ ಬಿಳಿಯೇತರ ಕಂಡಕ್ಟರ್ ರಘಬೀರ್ ಸಿಂಗ್ ಎಂಬ ಸಿಖ್ಖರು. 1980ರ ಏಪ್ರಿಲ್ 2ರಂದು ಸೇಂಟ್ ಪಾಲ್ಸ್‌ನ ಒಂದು ಕೆಫೆಯ ಮೇಲೆ ಪೊಲೀಸರು ದಾಳಿ ಮಾಡಿದಾಗ ಇಡೀ ಬಡಾವಣೆ ಹೊತ್ತಿ ಉರಿಯಿತು.

ಇಂಥ ಊರಿನಲ್ಲಿ ಸಂಗೀತ ಸಭಾಭವನಗಳಿಗಿಂತ ಹೆಚ್ಚಾಗಿ ಬೀದಿಗಳಲ್ಲಿ, ಖಾಲಿ ಗೋದಾಮುಗಳಲ್ಲಿ ಬೆಳೆಯಿತು. ಜಮೈಕದವರು ತಮ್ಮೊಂದಿಗೆ ತಂದದ್ದು ‘ಸೌಂಡ್ ಸಿಸ್ಟಮ್’ ಪದ್ಧತಿ. ಆಳೆತ್ತರದ ಸ್ಪೀಕರುಗಳನ್ನು ಜೋಡಿಸಿ, ರೆಕಾರ್ಡ್ ಹಾಕಿ, ಅದರ ಮೇಲೆ ಮೈಕು ಹಿಡಿದು ಮಾತು ಹರಿಸುವುದು ಅದರ ಕ್ರಮ. ಟ್ರಿಕಿಯ ತಂದೆ ರಾಯ್ ಥಾಸ್ ಕೂಡ ಅಂಥದೊಂದು ಸೌಂಡ್ ಸಿಸ್ಟಮ್‌ನೊಂದಿಗೆ ಇದ್ದವನು. ಎಂಬತ್ತರ ದಶಕದಲ್ಲಿ ನ್ಯೂಯಾರ್ಕಿನ ಹಿಪ್‌ಹಾಪ್ ಇಲ್ಲಿಗೆ ತಲುಪಿದಾಗ ಅದು ಬಂದು ಕೂತದ್ದು ಈ ರೆಗೆ, ಡಬ್ ಸಂಗೀತದ ಬುನಾದಿಯ ಮೇಲೆ. ‘ವೈಲ್ಡ್ ಬಂಚ್’ ಎಂಬ ಗೆಳೆಯರ ಗುಂಪು ಪಾರ್ಟಿಗಳಲ್ಲಿ ರೆಕಾರ್ಡ್ ಹಾಕುತ್ತಿತ್ತು. ಅದರಿಂದಲೇ ಮುಂದೆ ‘ಮ್ಯಾಸಿವ್ ಅಟ್ಯಾಕ್’ ತಂಡ ಹುಟ್ಟಿತು. ಏಡ್ರಿಯನ್ ಥಾಸ್ ಎಂಬ ಹುಡುಗ ಅವರ ಹಿಂದೆ ಮುಂದೆ ಸುಳಿದಾಡುತ್ತಿದ್ದ. ‘ಟ್ರಿಕಿ ಕಿಡ್’ ಎಂಬುದು ಅವನಿಗೆ ಗೆಳೆಯರು ಇಟ್ಟ ಅಡ್ಡಹೆಸರು.

ಹುಡುಗನ ಬಾಲ್ಯ ನೋವಿನದು. ತಾಯಿ ಮ್ಯಾಕ್ಸಿನ್ ಕ್ವೇ, ಅವನು ನಾಲ್ಕು ವರ್ಷದವನಿದ್ದಾಗ ಪ್ರಾಣ ಕಳೆದುಕೊಂಡಳು. ತಂದೆ ಜೊತೆಗಿರಲಿಲ್ಲ. ನೋಲ್ ವೆಸ್ಟ್ ಎಂಬ, ಬಹುಪಾಲು ಬಿಳಿಯ ಕಾರ್ಮಿಕರ ಬಡಾವಣೆಯಲ್ಲಿ ಅಜ್ಜಿಯ ಮನೆಯೇ ಅವನಿಗೆ ಆಸರೆ. ಹದಿನೇಳನೆಯ ವಯಸ್ಸಿನಲ್ಲಿ ಖೋಟಾ ನೋಟಿನ ಪ್ರಕರಣದಲ್ಲಿ ಸಿಕ್ಕಿಬಿದ್ದು ಜೈಲಿಗೂ ಹೋಗಿಬಂದ. ಉಬ್ಬಸದ ಕಾಯಿಲೆ ಬೇರೆ. ಆ ಉಸಿರಿನ ಗೊರಗೊರವೇ ಮುಂದೆ ಅವನ ದನಿಯ ಗುರುತಾಯಿತು. 1991ರಲ್ಲಿ ಮ್ಯಾಸಿವ್ ಅಟ್ಯಾಕ್‌ನ ‘ಬ್ಲೂ ಲೈನ್ಸ್’ ಬಂದಾಗ ಅದರ ಮೂರು ಹಾಡುಗಳಲ್ಲಿ ಅವನ ದನಿ ಇತ್ತು. ಆದರೆ ಅವನು ತಂಡದ ಅಂಚಿನಲ್ಲೇ ಉಳಿದ.

ಈ ಕಥೆಯನ್ನು ಪತ್ರಿಕೆಗಳು ಎಷ್ಟು ಬಾರಿ ಹೇಳಿದವೆಂದರೆ, ಕೊನೆಗೆ ಕಥೆಯೇ ಹೊಗಳಿಕೆಗೆ ಕಾರಣವೋ ಎನ್ನುವಂತಾಯಿತು. ತಾಯಿಯ ಹೆಸರನ್ನೇ ಆಲ್ಬಮ್ಮಿಗೆ ಇಟ್ಟ ಅನಾಥ ಹುಡುಗ ಯಾವ ಸಂಪಾದಕನಿಗಾದರೂ ಬೇಕಾದ ವಸ್ತು. ಆದರೆ ನೋವು ಉಂಡವರೆಲ್ಲ ಒಳ್ಳೆಯ ಹಾಡು ಮಾಡುವುದಿಲ್ಲ. ಬಾಲ್ಯದ ವಿವರಗಳು ಮರುಕ ಹುಟ್ಟಿಸಬಹುದು. ಒಂದು ಹಾಡು ಯಾಕೆ ಮೂವತ್ತು ವರ್ಷದ ನಂತರವೂ ಕಿವಿಯಲ್ಲಿ ಉಳಿಯುತ್ತದೆ ಎಂಬುದನ್ನು ಅವು ವಿವರಿಸಲಾರವು.

ಮೊದಲು ಕತ್ತರಿಸಿ ಅಂಟಿಸಿದ ಆರೋಪವನ್ನೇ ನೋಡಬಹುದು. ಅದಕ್ಕೆ ಎಲ್ಲರೂ ಕೊಡುವ ಉದಾಹರಣೆ ‘ಹೆಲ್ ಈಸ್ ರೌಂಡ್ ದ ಕಾರ್ನರ್’. ಅದರ ತಳದಲ್ಲಿ ಸುತ್ತುವ ತಂತಿವಾದ್ಯದ ಎಳೆ ಐಸಾಕ್ ಹೇಯ್ಸ್‌ನದು. 1971ರ ‘ಬ್ಲ್ಯಾಕ್ ಮೋಸಸ್’ ಆಲ್ಬಮ್‌ನ ‘ಐಕ್ಸ್ ರ‍್ಯಾಪ್ 2’ ಎಂಬ ರಚನೆಯಿಂದ ಎತ್ತಿದ್ದು. ತಮಾಷೆಯ ಮಾತಲ್ಲ, ಅದೇ ಊರಿನ ‘ಪೋರ್ಟಿಸ್‌ಹೆಡ್’ ತಂಡ ಅದೇ ಎಳೆಯ ಮೇಲೆ ‘ಗ್ಲೋರಿ ಬಾಕ್ಸ್’ ಹಾಡನ್ನು ಕಟ್ಟಿ, 1994ರ ಆಗಸ್ಟ್‌ನಲ್ಲಿ ಬಂದ ತನ್ನ ‘ಡಮ್ಮಿ’ ಆಲ್ಬಮ್‌ನಲ್ಲಿ ಆಗಲೇ ಹೊರತಂದಿತ್ತು. ಆರು ತಿಂಗಳ ಅಂತರದಲ್ಲಿ, ಒಂದೇ ಊರಿನಿಂದ, ಒಂದೇ ಎಳೆಯ ಮೇಲೆ ಎರಡು ಪ್ರಸಿದ್ಧ ಹಾಡುಗಳು ಬಂದವು. ಇದಕ್ಕಿಂತ ನೇರವಾದ ಪರೀಕ್ಷೆ ಸಿಗುವುದು ಕಷ್ಟ.

ಎರಡನ್ನೂ ಒಂದರ ನಂತರ ಒಂದು ಕೇಳಬೇಕು. ‘ಗ್ಲೋರಿ ಬಾಕ್ಸ್’ನಲ್ಲಿ ಹೇಯ್ಸ್‌ನ ಎಳೆ ಒಂದು ವೇದಿಕೆ. ಅದರ ಮೇಲೆ ಬೆತ್ ಗಿಬ್ಬನ್ಸ್ ನಿಂತು ಹಾಡುತ್ತಾಳೆ, ಏಡ್ರಿಯನ್ ಅಟ್ಲಿಯ ಗಿಟಾರು ಅವಳ ಅಳಲನ್ನು ಮುಗಿಲಿಗೇರಿಸುತ್ತದೆ. ಹಾಡಿಗೆ ಏರುವಿಕೆಯಿದೆ, ಶಿಖರವಿದೆ, ಇಳಿತವಿದೆ. ಟ್ರಿಕಿಯ ಹಾಡಿನಲ್ಲಿ ಇದಾವುದೂ ಇಲ್ಲ. ಎಳೆ ಸುತ್ತುತ್ತಲೇ ಇರುತ್ತದೆ, ಎಲ್ಲಿಗೂ ತಲುಪುವುದಿಲ್ಲ. ಅವನ ಪಿಸುಮಾತು ಕಿವಿಯ ತೀರ ಹತ್ತಿರ ಬರುತ್ತದೆ, ಆಲ್ಬಮ್‌ನ ಗಾಯಕಿ ಮಾರ್ಟಿನಾಳ ದನಿ ಸ್ವಲ್ಪ ದೂರದಿಂದ ಅದನ್ನೇ ಅನುಸರಿಸುತ್ತದೆ. ಒಬ್ಬರು ಆಡಿದ ಮಾತು ಇನ್ನೊಬ್ಬರ ಬಾಯಲ್ಲಿ ಅರೆಕ್ಷಣ ತಡವಾಗಿ ಹೊರಡುತ್ತದೆ. ಸೊಗಸಿನ ದೃಷ್ಟಿಯಿಂದ ಪೋರ್ಟಿಸ್‌ಹೆಡ್‌ನ ಹಾಡೇ ಮೇಲು. ಆದರೆ ಕೇಳುಗರನ್ನು ಒಂದು ಮುಚ್ಚಿದ ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕುವ ಶಕ್ತಿ ಟ್ರಿಕಿಯದಕ್ಕಿದೆ. ಸಾಮಗ್ರಿ ಒಂದೇ ಆಗಿದ್ದೂ ಫಲ ಇಷ್ಟು ಬೇರೆಯಾದರೆ, ಆ ಬೇರೆತನ ಕಟ್ಟಿದವರಿಂದಲೇ ಬಂದಿರಬೇಕು.

ಇನ್ನೊಂದು ಉದಾಹರಣೆ ಕನ್ನಡದ ಕೇಳುಗರಿಗೆ ಇನ್ನೂ ಹತ್ತಿರದ್ದು. ‘ಬ್ಲ್ಯಾಕ್ ಸ್ಟೀಲ್’ ಎಂಬ ಹಾಡು ಗಿಟಾರುಗಳ ಅಬ್ಬರದ ನಡುವೆ ಓಡುವ ಡೋಲಿನ ಬಡಿತದ ಮೇಲೆ ನಿಂತಿದೆ. ಆ ಬಡಿತ ಮಣಿರತ್ನಂ ಅವರ ‘ರೋಜಾ’ ಚಿತ್ರದ ‘ರುಕ್ಮಿಣಿ ರುಕ್ಮಿಣಿ’ ಹಾಡಿನದು. ಎ.ಆರ್. ರಹಮಾನ್ ಸಂಗೀತ ನೀಡಿದ ಮೊದಲ ಚಿತ್ರವದು, 1992ರದು. ತಮಿಳು ಮೂಲದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಚಿತ್ರಾ ಹಾಡಿದ, ಮದುವೆಯ ರಾತ್ರಿ ಹಳ್ಳಿಯ ಮುದುಕಿಯರೂ ಸೇರಿ ಕುಣಿಯುವ ಆ ಹಾಡು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ! ಅಂಥ ಸಂಭ್ರಮದ ತಾಳವನ್ನು ಟ್ರಿಕಿ ತಂದು ಜೋಡಿಸಿದ್ದು ಜೈಲಿನ ಹಾಡಿಗೆ. ‘ಬ್ಲ್ಯಾಕ್ ಸ್ಟೀಲ್’ನ ಮೂಲ ಅಮೆರಿಕದ ‘ಪಬ್ಲಿಕ್ ಎನಿಮಿ’ ತಂಡದ 1988ರ ರ‍್ಯಾಪ್. ಸೇನೆಗೆ ಸೇರಬೇಕೆಂಬ ಸರ್ಕಾರದ ಪತ್ರವನ್ನು ಧಿಕ್ಕರಿಸಿ ಸೆರೆಮನೆ ಸೇರಿದ ಕರಿಯ ಗಂಡಸೊಬ್ಬ ಅಲ್ಲಿ ಮಾತಾಡುತ್ತಾನೆ. ಟ್ರಿಕಿಯ ಹಾಡಿನಲ್ಲಿ ಅದೇ ಮಾತುಗಳನ್ನು ಒಬ್ಬ ಎಳೆಯ ಹುಡುಗಿ, ಸಿಟ್ಟಿಲ್ಲದ, ತಣ್ಣನೆಯ ದನಿಯಲ್ಲಿ ಹಾಡುತ್ತಾಳೆ.

ಪಬ್ಲಿಕ್ ಎನಿಮಿಯ ಮೂಲ ಹಾಡೂ ಐಸಾಕ್ ಹೇಯ್ಸ್‌ನ ಪಿಯಾನೋ ತುಣುಕೊಂದರ ಮೇಲೆಯೇ ನಿಂತಿತ್ತು. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿಲ್ಲುವುದು ಹಿಪ್‌ಹಾಪ್‌ನ ಹುಟ್ಟುಗುಣ. ಅಲ್ಲಿ ಕೇಳಬೇಕಾದ ಪ್ರಶ್ನೆ ಎತ್ತಿದನೇ ಎಂಬುದಲ್ಲ, ಎತ್ತಿದ್ದನ್ನು ಎಲ್ಲಿ ಇಟ್ಟ ಎಂಬುದು. ಚೆನ್ನೈನ ಮದುವೆಯ ತಾಳ, ನ್ಯೂಯಾರ್ಕಿನ ಸೆರೆಮನೆಯ ಮಾತು, ಇಂಗ್ಲಿಷ್ ಶಾಲೆಯಲ್ಲಿ ಓದಿದ ಹುಡುಗಿಯ ಕಂಠ, ರಾಕ್ ತಂಡದ ಗಿಟಾರು, ಇವು ಒಂದು ಹಾಡಿನಲ್ಲಿ ಸೇರಬಲ್ಲವು ಎಂದು 1994ರಲ್ಲಿ ಯಾರಿಗೆ ಹೊಳೆಯುತ್ತಿತ್ತು? ಟ್ರಿಕಿಗೆ ಹೊಳೆಯಿತು. ಇದು ಅವನ ಕಿವಿಯ ಸಂಪತ್ತು. ಜೊತೆಗೆ ಇನ್ನೊಂದನ್ನೂ ಹೇಳಬೇಕು: ಪಶ್ಚಿಮದ ಸಾಮಾನ್ಯ ಕೇಳುಗರು ರಹಮಾನ್ ಹೆಸರನ್ನು ವ್ಯಾಪಕವಾಗಿ ತಿಳಿದದ್ದು 2009ರಲ್ಲಿ ‘ಸ್ಲಂಡಾಗ್ ಮಿಲಿಯನೇರ್’ಗೆ ಆಸ್ಕರ್ ಬಂದ ಮೇಲೆ. ‘ಬ್ಲ್ಯಾಕ್ ಸ್ಟೀಲ್’ಗೆ ತಲೆದೂಗಿದ ಅದೆಷ್ಟೋ ಜನ ಆ ಮೈ ಕುಣಿಸುವ ಬಡಿತ ಎಲ್ಲಿಂದ ಬಂತೆಂದು ತಿಳಿಯದೆಯೇ ತಲೆದೂಗಿದರು. ಟ್ರಿಕಿಗೆ ಸಂದ ಹೊಗಳಿಕೆಯಲ್ಲಿ ಹಂಚಬೇಕಾದ ಮೊದಲ ಪಾಲು ಇದು.

ತನ್ನದನ್ನೇ ಮತ್ತೆ ಮತ್ತೆ ಬಳಸಿದ ಆರೋಪವೂ ಇದೆ. ಮ್ಯಾಸಿವ್ ಅಟ್ಯಾಕ್‌ನ 1994ರ ‘ಪ್ರೊಟೆಕ್ಷನ್’ ಆಲ್ಬಮ್‌ನ ‘ಕರ್ಮಕೋಮ’ಕ್ಕೆ ಬರೆದ ಸಾಲುಗಳನ್ನೇ ಟ್ರಿಕಿ ‘ಓವರ್‌ಕಮ್’ ಹಾಡಿನಲ್ಲಿ ಮತ್ತೆ ಬಳಸಿದ. ಅದೇ ಆಲ್ಬಮ್‌ನ ‘ಯೂರೋಚೈಲ್ಡ್’ನ ಮಾತುಗಳು ‘ಹೆಲ್ ಈಸ್ ರೌಂಡ್ ದ ಕಾರ್ನರ್’ನಲ್ಲಿ ಮರಳಿ ಬಂದವು. ಸೋಮಾರಿತನವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ‘ಕರ್ಮಕೋಮ’ ಇಬ್ಬರು ಗಂಡಸರ ಲಹರಿ, ಮೈಮರೆತ ಹರಟೆಯಂತಿದೆ. ‘ಓವರ್‌ಕಮ್’ನಲ್ಲಿ ಅದೇ ಸಾಲುಗಳು ಹೆಣ್ಣಿನ ಬಾಯಿಗೆ ಬಂದಾಗ ಮೈಮರೆವು ಹೋಗಿ ದಿಗಿಲು ತುಂಬಿಕೊಳ್ಳುತ್ತದೆ.

ಹಾಗಾದರೆ ಇದನ್ನೆಲ್ಲ ಯಂತ್ರದಲ್ಲಿ ಮಾಡಿದ್ದು ಯಾರು? ಇಲ್ಲಿ ಮಾರ್ಕ್ ಸಾಂಡರ್ಸ್ ಹೆಸರು ಬರುತ್ತದೆ. ಗಾಯಕಿ ನೆನೆ ಚೆರಿ ಮತ್ತು ದಿ ಕ್ಯೂರ್ ತಂಡದೊಂದಿಗೆ ಕೆಲಸ ಮಾಡಿದ್ದ ಅನುಭವಿ ಅವನು, ಆಲ್ಬಮ್‌ನ ಸಹ ನಿರ್ಮಾಪಕ. ಲಂಡನ್ನಿನ ಟ್ರಿಕಿಯ ಮನೆಯಲ್ಲೇ ಹೂಡಿದ್ದ ಸ್ಟುಡಿಯೋದ ಆ ದಿನಗಳನ್ನು ಅವನು ಸಂದರ್ಶನಗಳಲ್ಲಿ ವಿವರಿಸಿದ್ದಾನೆ. ನೆಲದ ತುಂಬ ಹರಡಿದ ರೆಕಾರ್ಡ್‌ಗಳು; ಟ್ರಿಕಿ ಎರಡನ್ನು ಎತ್ತಿ ಕೊಟ್ಟು ಇವನ್ನು ಒಟ್ಟಿಗೆ ನುಡಿಸು ಎನ್ನುತ್ತಿದ್ದ. ಒಂದರ ಶ್ರುತಿಗೂ ಇನ್ನೊಂದರ ಶ್ರುತಿಗೂ ಸಂಬಂಧವಿಲ್ಲ, ಗತಿಯೂ ಬೇರೆ ಬೇರೆ. ಸಾಂಡರ್ಸ್ ಸ್ಯಾಂಪ್ಲರ್ ಯಂತ್ರದಲ್ಲಿ ಶ್ರುತಿಯನ್ನು ಏರಿಸಿ ಇಳಿಸಿ, ವೇಗವನ್ನು ಕುಗ್ಗಿಸಿ ಅವು ಹೇಗೋ ಹೊಂದುವವರೆಗೆ ಗುದ್ದಾಡಬೇಕಿತ್ತು. ಟ್ರಿಕಿಗೆ ಯಂತ್ರಗಳ ಜ್ಞಾನವೂ ಇರಲಿಲ್ಲ, ಸಂಗೀತದ ವ್ಯಾಕರಣವೂ ಗೊತ್ತಿರಲಿಲ್ಲ. ‘ಪಾಂಡರೋಸ’ ಹಾಡಿನಲ್ಲಿ ಇನ್ನೊಬ್ಬ ನಿರ್ಮಾಪಕ ಹೌವಿ ಬಿ.ಯ ಕೈಯೂ ಇದೆ.

ಇದನ್ನೇ ಹಿಡಿದು ಟ್ರಿಕಿಯನ್ನು ಬರೀ ಹೆಸರಿನ ಕಲಾವಿದ ಎನ್ನುವವರು ಒಂದನ್ನು ಗಮನಿಸಬೇಕು. ಸಾಂಡರ್ಸ್ ಒಳ್ಳೆಯ ಆಲ್ಬಮ್‌ಗಳನ್ನು ಮೊದಲೂ ಮಾಡಿದ್ದ, ನಂತರವೂ ಮಾಡಿದ. ಅವುಗಳಲ್ಲಿ ಯಾವುದೂ ‘ಮ್ಯಾಕ್ಸಿನ್‌ಕ್ವೇ’ಯಂತೆ ಕೇಳಿಸುವುದಿಲ್ಲ. ಶ್ರುತಿ ತಿಳಿದವನು ಜೋಡಿಸಲು ಹಿಂಜರಿಯುವ ಎರಡು ರೆಕಾರ್ಡ್‌ಗಳನ್ನು ಶ್ರುತಿ ತಿಳಿಯದವನು ಕೈಗೆ ಕೊಟ್ಟ. ಅದನ್ನು ಸಾಧ್ಯವಾಗಿಸಿದ್ದು ತಿಳಿದವನ ಕೌಶಲ. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಆ ಅರೆಬರೆ ಹೊಂದಿದ, ಸದಾ ಅಂಚಿನಲ್ಲಿ ತೂಗುವ ನಾದ ಹುಟ್ಟುತ್ತಿರಲಿಲ್ಲ. ಸಾಂಡರ್ಸ್ ಪಾಲು ದೊಡ್ಡದೇ. ಆದರೆ ಅದು ಟ್ರಿಕಿಯ ಪಾಲನ್ನು ಕಡಿಮೆ ಮಾಡುವುದಿಲ್ಲ.

ಮಾರ್ಟಿನಾ ಟಾಪ್ಲಿ-ಬರ್ಡ್ ವಿಷಯ ಮಾತ್ರ ಹಾಗಲ್ಲ. ಇಲ್ಲಿ ನಿಜವಾದ ಅನ್ಯಾಯವೊಂದು ನಡೆದಿದೆ.

ಆಕೆ ಬ್ರಿಸ್ಟಲ್‌ನ ಕ್ಲಿಫ್ಟನ್ ಕಾಲೇಜ್ ಎಂಬ ಪ್ರತಿಷ್ಠಿತ ಶಾಲೆಯಲ್ಲಿ ಓದುತ್ತಿದ್ದ ಹುಡುಗಿ. ಟ್ರಿಕಿಯ ಮನೆಯ ಬಳಿ ಗೋಡೆಯ ಮೇಲೆ ಕೂತು ಗುನುಗುತ್ತಿದ್ದಾಗ ಅವನ ಕಣ್ಣಿಗೆ, ಕಿವಿಗೆ ಬಿದ್ದಳು ಎಂಬುದು ಇಬ್ಬರೂ ಹೇಳಿರುವ ಕಥೆ. ಹಾಗೆ ಹುಟ್ಟಿದ್ದು ‘ಆಫ್ಟರ್‌ಮ್ಯಾತ್’. 1993ರಲ್ಲಿ ಕೆಲವೇ ಪ್ರತಿಗಳಲ್ಲಿ ಹೊರಬಂದ ಆ ಹಾಡು ಮರುವರ್ಷ ಐಲ್ಯಾಂಡ್ ಕಂಪನಿಯ ಉಪಸಂಸ್ಥೆಯ ಮೂಲಕ ಎಲ್ಲೆಡೆ ತಲುಪಿತು. ಮಂದ ಗತಿಯ ಡ್ರಮ್, ಕೊಳಲಿನಂಥ ಒಂದು ಎಳೆ, ‘ಬ್ಲೇಡ್ ರನ್ನರ್’ ಚಿತ್ರದಿಂದ ಬಂದ ತಾಯಿಯ ಕುರಿತ ಮಾತಿನ ತುಣುಕು, ಇವುಗಳ ನಡುವೆ ಆಕೆಯ ದನಿ. ತರಬೇತಿಯ ಹೊಳಪು ಆ ದನಿಯಲ್ಲಿಲ್ಲ. ಯಾರನ್ನೂ ಮೆಚ್ಚಿಸುವ ಆತುರವೂ ಇಲ್ಲ. ನಿದ್ದೆಯಿಂದ ಎದ್ದು ಇನ್ನೂ ಪೂರ್ತಿ ಎಚ್ಚರಾಗದವಳು ತನ್ನಷ್ಟಕ್ಕೆ ಹೇಳಿಕೊಂಡಂತೆ ಇದೆ ಆ ಹಾಡುಗಾರಿಕೆ. ಸಾಹಿತ್ಯವನ್ನು ಆಗಷ್ಟೇ ಕೈಗಿತ್ತು, ಅಭ್ಯಾಸಕ್ಕೆ ಸಮಯ ಕೊಡದೆ, ಒಂದೇ ಬಾರಿಗೆ ಹಾಡಿಸಿ ಮುದ್ರಿಸಿಕೊಳ್ಳುವುದು ಟ್ರಿಕಿಯ ರೂಢಿಯಾಗಿತ್ತು. ಅಂಥ ಸ್ಥಿತಿಯಲ್ಲಿ ಸಾಲು ಎಲ್ಲಿ ಮುರಿಯಬೇಕು, ಎಲ್ಲಿ ಉಸಿರು ಬಿಡಬೇಕು, ಸ್ವರ ಯಾವ ದಿಕ್ಕಿಗೆ ಹೊರಳಬೇಕು ಎಂಬುದನ್ನು ಆ ಕ್ಷಣದಲ್ಲಿ ನಿರ್ಧರಿಸುತ್ತಿದ್ದವಳು ಆಕೆಯೇ. ಹಾಡಿನ ಧಾಟಿಯನ್ನು ಕಟ್ಟುವುದೆಂದರೆ ಅದೇ ಅಲ್ಲವೆ?

ಗಂಡಸು ಬರೆದ ಮಾತನ್ನು ಹೆಣ್ಣಿನ ದನಿಯಲ್ಲಿ ಹಾಡಿಸುವ ಯೋಜನೆ ಟ್ರಿಕಿಯದು, ಮತ್ತು ಅದೇ ಅವನ ಅತಿ ದೊಡ್ಡ ಕೊಡುಗೆ. ಅವನ ತಾಯಿ ಕವಿತೆ ಬರೆಯುತ್ತಿದ್ದಳಂತೆ. ತನ್ನ ಸಾಲುಗಳು ಆಕೆಯ ಸಾಲುಗಳೇ ಎನಿಸುತ್ತವೆ ಎಂದು ಅವನು ಹಲವೆಡೆ ಹೇಳಿಕೊಂಡಿದ್ದಾನೆ. 1995ರ ಪ್ರಚಾರ ಚಿತ್ರಗಳಲ್ಲಿ ಟ್ರಿಕಿ ಮದುಮಗಳ ಬಿಳಿ ಗೌನು ತೊಟ್ಟಿದ್ದಾನೆ, ಮಾರ್ಟಿನಾ ಮದುಮಗನ ಸೂಟಿನಲ್ಲಿದ್ದಾಳೆ. ರ‍್ಯಾಪ್ ಎಂದರೆ ಗಂಡಸುತನದ ಮೆರವಣಿಗೆ ಎಂದು ಜಗತ್ತು ನಂಬಿದ್ದ ಕಾಲದಲ್ಲಿ, ಜೈಲು ಕಂಡು ಬಂದ, ಬಡ ಬಡಾವಣೆಯ ಹುಡುಗ ತನ್ನ ಭಯವನ್ನೂ ಅಸೂಯೆಯನ್ನೂ ಹೆಣ್ಣಿನ ಬಾಯಿಗೆ ಒಪ್ಪಿಸಿ ತಾನು ಹಿನ್ನೆಲೆಯಲ್ಲಿ ಗೊಣಗಿದ್ದು ಸಣ್ಣ ಧೈರ್ಯವಲ್ಲ. ‘ಸಫೊಕೇಟೆಡ್ ಲವ್’ ಹಾಡಿನಲ್ಲಿ ಪ್ರೀತಿಯನ್ನು ಉಸಿರುಗಟ್ಟಿಸುವವರು ಯಾರು, ಉಸಿರುಗಟ್ಟಿದವರು ಯಾರು ಎಂದು ಬಿಡಿಸಿ ಹೇಳಲಾಗುವುದಿಲ್ಲ. ಎರಡು ದನಿಗಳೂ ಒಂದೇ ಮನಸ್ಸಿನ ಎರಡು ಮೂಲೆಗಳಿಂದ ಬಂದಂತಿವೆ.

ಆದರೆ ಮುಖಪುಟದ ಮೇಲೆ ಇರುವುದು ಟ್ರಿಕಿಯ ಹೆಸರೊಂದೇ. ಹನ್ನೆರಡು ಹಾಡುಗಳಲ್ಲಿ ಬಹುಪಾಲಿನಲ್ಲಿ ಕೇಳುವುದು ಮಾರ್ಟಿನಾಳ ದನಿ. ಕಾರಿನಲ್ಲಿ, ಕೆಫೆಯಲ್ಲಿ ಈ ಆಲ್ಬಮ್ ಕೇಳಿದವರ ನೆನಪಿನಲ್ಲಿ ಉಳಿಯುವ ಸ್ವರಗಳು ಆಕೆಯವು. ಪೆನ್‌ಮನ್‌ನಿಂದ ಹಿಡಿದು ಬೋವಿಯವರೆಗೆ ಎಲ್ಲರೂ ಟ್ರಿಕಿ ಎಂಬ ಒಂಟಿ ಮಾಂತ್ರಿಕನ ಚಿತ್ರ ಬರೆದರು. ಆ ಚಿತ್ರದಲ್ಲಿ ಆಕೆ ಅವನ ವಾದ್ಯವಾಗಿ ಉಳಿದಳು. ಪೋರ್ಟಿಸ್‌ಹೆಡ್‌ನಲ್ಲಿ ಬೆತ್ ಗಿಬ್ಬನ್ಸ್ ಬಗ್ಗೆ ಹಾಗೆ ಯಾರೂ ಬರೆಯಲಿಲ್ಲ, ಏಕೆಂದರೆ ಅಲ್ಲಿ ಸಾಹಿತ್ಯವೂ ಅವಳದೇ ಆಗಿತ್ತು. ಮಾರ್ಟಿನಾ ಬರೀ ವಾದ್ಯವಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿ ನಂತರ ಬಂತು. ಟ್ರಿಕಿಯಿಂದ ದೂರವಾಗಿ ಆಕೆ ಮಾಡಿದ ‘ಕ್ವಿಕ್ಸಾಟಿಕ್’ 2003ರಲ್ಲಿ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. 2010ರ ಮ್ಯಾಸಿವ್ ಅಟ್ಯಾಕ್‌ನ ‘ಹೆಲಿಗೊಲ್ಯಾಂಡ್’ನಲ್ಲಿ ಆಕೆ ಹಾಡಿದ ‘ಸೈಕಿ’ ಆ ಆಲ್ಬಮ್‌ನ ಅತ್ಯಂತ ಸೂಕ್ಷ್ಮ ಹಾಡುಗಳಲ್ಲೊಂದು.

ಪತ್ರಿಕೆಗಳಿಗೆ ಒಂಟಿ ಮಾಂತ್ರಿಕನೇ ಯಾಕೆ ಬೇಕಿತ್ತು? ಗಿಟಾರು ಹಿಡಿದ ಬಿಳಿ ಹುಡುಗರ ತಂಡಗಳು ಇಂಗ್ಲೆಂಡಿನ ಹಳೆಯ ವೈಭವವನ್ನು ಹಾಡುತ್ತಿದ್ದ ವರ್ಷವದು. ಅದರಿಂದ ಬೇಸತ್ತ ವಿಮರ್ಶಕರಿಗೆ ಇನ್ನೊಂದು ಇಂಗ್ಲೆಂಡಿನ ದನಿ, ವಲಸಿಗರ ಮಕ್ಕಳ, ಮಿಶ್ರ ರಕ್ತದ ಇಂಗ್ಲೆಂಡಿನ ದನಿ ಬೇಕಾಗಿತ್ತು. ಟ್ರಿಕಿ ಆ ದನಿಯಾಗಿದ್ದ, ಅದರಲ್ಲಿ ಸುಳ್ಳಿಲ್ಲ. ಸುಳ್ಳು ಇದ್ದದ್ದು ಅವನೊಬ್ಬನೇ ಆ ದನಿ ಎಂಬುದರಲ್ಲಿ. ರಾಬ್ ಸ್ಮಿತ್ ಮತ್ತು ರೇ ಮೈಟಿ ಎಂಬ ಇಬ್ಬರು ಇದೇ ಊರಿನಲ್ಲಿ 1988ರಷ್ಟು ಹಿಂದೆಯೇ ಹಳೆಯ ಪ್ರೇಮಗೀತೆಗಳನ್ನು ಡಬ್ ಬೇಸ್‌ನ ಮೇಲೆ ನಿಲ್ಲಿಸಿದ್ದರು. ‘ಪಾಪ್ ಗ್ರೂಪ್’ ತಂಡದ ಮಾರ್ಕ್ ಸ್ಟೂವರ್ಟ್ ಟ್ರಿಕಿಗೆ ಆಸರೆ ಕೊಟ್ಟು, ಸ್ವಂತ ಹಾಡು ಮಾಡಲು ಒತ್ತಾಯಿಸಿದ್ದ. 1994ರ ಜೂನ್‌ನಲ್ಲಿ ‘ಮಿಕ್ಸ್‌ಮ್ಯಾಗ್’ ಪತ್ರಿಕೆ ಇಂಥ ಸಂಗೀತವನ್ನು ‘ಟ್ರಿಪ್‌ಹಾಪ್’ ಎಂದು ಕರೆದಾಗ ಬ್ರಿಸ್ಟಲ್‌ನವರು ಯಾರೂ ಅದನ್ನು ಮೆಚ್ಚಲಿಲ್ಲ. ಟ್ರಿಕಿಯಂತೂ ಸಿಕ್ಕ ಸಿಕ್ಕಲ್ಲಿ ಅದನ್ನು ತಳ್ಳಿಹಾಕಿದ. ಆದರೆ ಹಣೆಪಟ್ಟಿ ಅಂಟಿಕೊಂಡಿತು. ನಾಲ್ಕೈದು ವರ್ಷಗಳಲ್ಲಿ ಮಂದಗತಿಯ ಬೀಟು, ಒಬ್ಬಳು ಹುಡುಗಿಯ ಉಸಿರುದನಿ, ರೆಕಾರ್ಡಿನ ಚಿಟಿಚಿಟಿ ಸೇರಿಸಿದ ನಕಲುಗಳು ಹೋಟೆಲ್ ಲಾಬಿಗಳಲ್ಲಿ, ಜಾಹೀರಾತುಗಳಲ್ಲಿ ತುಂಬಿದವು. ಆ ನಯಗೊಳಿಸಿದ ಸಂಗೀತದಿಂದ ಟ್ರಿಕಿಯನ್ನು ಅಳೆಯುವುದು ತಪ್ಪು. ‘ಸ್ಟ್ರಗ್ಲಿನ್’ನಂಥ ಹಾಡನ್ನು ಯಾವ ಹೋಟೆಲ್ ಲಾಬಿಯೂ ತಾಳಿಕೊಳ್ಳಲಾರದು.

ಇನ್ನು ಮುಂದಿನ ಆಲ್ಬಮ್‌ಗಳ ಮಾತು. 1996ರಲ್ಲೇ ಟ್ರಿಕಿ ಎರಡು ಆಲ್ಬಮ್ ತಂದ. ‘ನಿಯರ್ಲಿ ಗಾಡ್’ನಲ್ಲಿ ಬ್ಯೋರ್ಕ್, ಟೆರಿ ಹಾಲ್, ನೆನೆ ಚೆರಿಯಂಥವರು ಹಾಡಿದರು. ಕರಡು ಪ್ರತಿಯಂತೆ, ತಿದ್ದದೆ ಬಿಟ್ಟ ಹಾಡುಗಳು ಅವು. ಜಮೈಕದಲ್ಲಿ ಮುದ್ರಿಸಿದ ‘ಪ್ರಿ-ಮಿಲೆನಿಯಂ ಟೆನ್ಷನ್’ ಇನ್ನೂ ಒರಟು, ಬೇಕೆಂದೇ ಕೇಳುಗರನ್ನು ದೂರ ತಳ್ಳುವಂಥದ್ದು. ‘ಕ್ರಿಸ್ಟಿಯನ್‌ಸ್ಯಾಂಡ್ಸ್’ ಮತ್ತು ‘ಮೇಕ್ಸ್ ಮಿ ವಾನ ಡೈ’ ಹಾಡುಗಳಿಗಾಗಿ ಅದನ್ನು ಈಗಲೂ ಕೇಳಬೇಕು. ಮೊದಲ ಆಲ್ಬಮ್‌ಗಿಂತ ಅದು ಕೀಳೆಂದು ಆಗ ಬರೆದವರು ಅವಸರಪಟ್ಟರು. ಹೊಗಳಿಕೆಯನ್ನು ಸಹಿಸಲಾಗದ ಒಬ್ಬ ಮನುಷ್ಯ ತನ್ನ ಪ್ರತಿಮೆಯನ್ನು ತಾನೇ ಒಡೆಯುವ ಸದ್ದು ಅದರಲ್ಲಿದೆ, ಮತ್ತು ಆ ಸದ್ದು ಪ್ರಾಮಾಣಿಕವಾಗಿದೆ. 1998ರ ‘ಏಂಜಲ್ಸ್ ವಿತ್ ಡರ್ಟಿ ಫೇಸಸ್’ನಲ್ಲಿ ಪಿ.ಜೆ. ಹಾರ್ವೆ ಹಾಡಿದ ‘ಬ್ರೋಕನ್ ಹೋಮ್ಸ್’ ಇದೆ. ಮಾರ್ಟಿನಾ ಜೊತೆಗಿದ್ದ ಕಾಲದ ಕೊನೆಯ ಆಲ್ಬಮ್ ಅದು.

ಅಲ್ಲಿಂದ ಮುಂದೆ ಇಳಿತ ಸ್ಪಷ್ಟ. 2001ರ ‘ಬ್ಲೋಬ್ಯಾಕ್’ ಹೆಸರಾಂತ ಅತಿಥಿಗಳನ್ನು ಕರೆದು ಜನಪ್ರಿಯತೆಗೆ ಹಾತೊರೆಯಿತು, ಹಾತೊರೆದದ್ದು ದಕ್ಕಲಿಲ್ಲ. 2008ರ ‘ನೋಲ್ ವೆಸ್ಟ್ ಬಾಯ್’ನಲ್ಲಿ ಹುಟ್ಟೂರಿನ ನೆನಪುಗಳಿಗೆ ಜೀವವಿದೆ, ಆದರೆ ಇಡೀ ಆಲ್ಬಮ್ ಆ ಎತ್ತರದಲ್ಲಿಲ್ಲ. 2013ರ ‘ಫಾಲ್ಸ್ ಐಡಲ್ಸ್’ ಹಳೆಯ ಹದವನ್ನು ಒಂದಿಷ್ಟು ಮರಳಿ ಹಿಡಿಯಿತು. 2016ರಲ್ಲಿ ಮ್ಯಾಸಿವ್ ಅಟ್ಯಾಕ್‌ನೊಂದಿಗೆ ಮತ್ತೆ ಸೇರಿ ಹಾಡಿದ ‘ಟೇಕ್ ಇಟ್ ದೇರ್’ ಇಬ್ಬರಿಗೂ ಗೌರವ ತರುವಂಥದ್ದು. ಪೋರ್ಟಿಸ್‌ಹೆಡ್ 1994ರಿಂದ ಇಲ್ಲಿಯವರೆಗೆ ಸ್ಟುಡಿಯೋ ಆಲ್ಬಮ್ ಮಾಡಿದ್ದು ಮೂರೇ ಮೂರು; ಮೂರನೆಯದು 2008ರಲ್ಲಿ ಬಂದಾಗ ಹಳೆಯದನ್ನೆಲ್ಲ ಬದಿಗಿಟ್ಟು ಹೊಸ ದಾರಿ ಹಿಡಿಯಿತು. ಟ್ರಿಕಿಗೆ ಆ ಸಂಯಮ ಇರಲಿಲ್ಲ. ಹತ್ತಕ್ಕಿಂತ ಹೆಚ್ಚು ಆಲ್ಬಮ್‌ಗಳಲ್ಲಿ ಹರಡಿದ ಒಳ್ಳೆಯ ಹಾಡುಗಳನ್ನು ಆರಿಸಿದರೆ ಎರಡು ಗಟ್ಟಿ ಆಲ್ಬಮ್ ಆದೀತು. ಅಭಿಮಾನಿಗಳು ಇದನ್ನು ಒಪ್ಪಲು ಹಿಂಜರಿಯಬಾರದು.

2019ರ ಮೇ ತಿಂಗಳಲ್ಲಿ ಟ್ರಿಕಿ ಮತ್ತು ಮಾರ್ಟಿನಾ ತಮ್ಮ ಮಗಳನ್ನು ಕಳೆದುಕೊಂಡರು. ಮರುವರ್ಷ ಬಂದ ‘ಫಾಲ್ ಟು ಪೀಸಸ್’ ಆ ದುಃಖದಲ್ಲಿ ಮಾಡಿದ ಆಲ್ಬಮ್. ಹಾಡುಗಳು ತುಂಬ ಚಿಕ್ಕವು. ಕೆಲವು ಎರಡು ನಿಮಿಷ ತುಂಬುವ ಹೊತ್ತಿಗೆ, ಮಾತು ಮುಂದುವರಿಸಲಾಗದೆ ಎಂಬಂತೆ ಥಟ್ಟನೆ ನಿಲ್ಲುತ್ತವೆ. ಇಲ್ಲಿಯೂ ಹಾಡುವುದು ಹೆಚ್ಚಾಗಿ ಒಬ್ಬ ಹೆಣ್ಣೇ, ಪೋಲೆಂಡಿನ ಮಾರ್ತಾ ಎಂಬಾಕೆ. ಇದನ್ನು ಮರುಕದಿಂದಲ್ಲ, ಕಿವಿಯಿಂದ ಅಳೆದರೂ ಎರಡು ದಶಕಗಳಲ್ಲಿ ಅವನ ಅತ್ಯುತ್ತಮ ಕೆಲಸ ಇದು.

2023ರಲ್ಲಿ ‘ಮ್ಯಾಕ್ಸಿನ್‌ಕ್ವೇ’ಯ ಮರುಮುದ್ರಣ ಬಂದಾಗ ಟ್ರಿಕಿ ಕೆಲವು ಹಾಡುಗಳನ್ನು ಹೊಸದಾಗಿ ಮಾಡಿ ಸೇರಿಸಿದ. ಮೂಲದ ಪಕ್ಕದಲ್ಲಿ ಇಟ್ಟು ಕೇಳಿದರೆ ಹೊಸವು ಸಪ್ಪೆ. ಕಟ್ಟಿದವನೇ ಮತ್ತೊಮ್ಮೆ ಕಟ್ಟಲು ಹೋದರೂ ಬಾರದ ಆ ಹದ ಒಬ್ಬನ ಸೊತ್ತಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಟ್ರಿಕಿಗೆ ಸಂದ ಹೊಗಳಿಕೆ ನ್ಯಾಯವಾದದ್ದೇ. 1993ರಿಂದ 1998ರವರೆಗಿನ ಕೆಲಸಕ್ಕೆ ಅದರಲ್ಲಿ ಒಂದು ಮಾತನ್ನೂ ಕಡಿಮೆ ಮಾಡಬೇಕಿಲ್ಲ. ಆದರೆ ಅದರ ಅರ್ಧದಷ್ಟಾದರೂ ಮಾರ್ಟಿನಾ ಟಾಪ್ಲಿ-ಬರ್ಡ್‌ಗೆ ಸಲ್ಲಬೇಕು, ಉಳಿದದ್ದರಲ್ಲಿ ಸಾಂಡರ್ಸ್‌ಗೂ ಬ್ರಿಸ್ಟಲ್‌ನ ಹಿರಿಯರಿಗೂ ನಮ್ಮ ರಹಮಾನರಿಗೂ ಪಾಲಿದೆ. ಈ ಆಲ್ಬಮ್ಮನ್ನು ಮೊದಲ ಬಾರಿ ಕೇಳಲು ಹೊರಟವರು ‘ಆಫ್ಟರ್‌ಮ್ಯಾತ್’ನಿಂದ ಶುರುಮಾಡಲಿ, ಆಮೇಲೆ ‘ಬ್ಲ್ಯಾಕ್ ಸ್ಟೀಲ್’ ಕೇಳಲಿ, ಅದು ಮುಗಿದ ಕೂಡಲೇ ಮಾರ್ಟಿನಾಳ ‘ಕ್ವಿಕ್ಸಾಟಿಕ್’ ಹಾಕಲಿ.